ಒಂದೇ ಹೆಸರಿನ ಹತ್ತು ಜನರಲ್ಲಿ ನಿಮ್ಮ ಮುತ್ತಜ್ಜ ಯಾರು? ವೇಲ್ಸ್ ವಂಶಾವಳಿಗೆ ಯಾವ ದಾಖಲೆಯನ್ನು ನೆಚ್ಚಬೇಕು

ವೇಲ್ಸ್ ಮೂಲದ ಹಿರಿಯರನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಲವರು ದೊಡ್ಡ ಜಾಲತಾಣವೊಂದಕ್ಕೆ ವರ್ಷದ ಚಂದಾ ಕಟ್ಟಿ, ‘ಜಾನ್ ಜೋನ್ಸ್’ ಎಂದು ಬರೆದು ಹುಡುಕಿ, ಸಾವಿರಗಟ್ಟಲೆ ಉತ್ತರಗಳನ್ನು ಕಂಡು ಕೈಚೆಲ್ಲುತ್ತಾರೆ. ಇನ್ನು ಕೆಲವರು ಮೊದಲು ಸಿಕ್ಕ ಜಾನ್ ಜೋನ್ಸನನ್ನೇ ಮುತ್ತಜ್ಜನೆಂದು ನಂಬಿ, ಯಾರದೋ ಮನೆಯ ವಂಶವೃಕ್ಷವನ್ನು ನಾಲ್ಕು ತಲೆಮಾರು ಹಿಂದಕ್ಕೆ ಬೆಳೆಸುತ್ತಾರೆ. ಎರಡನೆಯದರ ನಷ್ಟ ಹೆಚ್ಚು, ಏಕೆಂದರೆ ಅದು ತಪ್ಪೆಂದು ತಿಳಿಯುವುದೇ ಇಲ್ಲ.

ಬ್ರಿಟನ್ನಿನಲ್ಲಿ ನೆಲೆಸಿ ವೇಲ್ಸ್ ಮನೆತನಗಳೊಂದಿಗೆ ಸಂಬಂಧ ಬೆಳೆಸಿದ ಕನ್ನಡ ಕುಟುಂಬಗಳಲ್ಲಿ, ಬೆಂಗಳೂರು ದಂಡುಪ್ರದೇಶದ ಹಳೆಯ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಈ ಹುಡುಕಾಟದ ಆಸೆ ಇದೆ. ಪ್ರಶ್ನೆಯೂ ಹೆಚ್ಚು ಕಡಿಮೆ ಒಂದೇ: ಜನಗಣತಿ, ಚರ್ಚಿನ ಪುಸ್ತಕ, ಸರ್ಕಾರಿ ಪ್ರಮಾಣಪತ್ರ, ಡಿಎನ್‌ಎ ಪರೀಕ್ಷೆ ಇವುಗಳಲ್ಲಿ ಯಾವುದಕ್ಕೆ ಹಣ ಮತ್ತು ಸಮಯ ಕೊಡಬೇಕು? ಇವೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಸುಳ್ಳು ಹೇಳುತ್ತವೆ. ಯಾವುದು ಯಾವ ವಿಷಯದಲ್ಲಿ ಸುಳ್ಳು ಹೇಳುತ್ತದೆ ಎಂಬುದು ಗೊತ್ತಿದ್ದರೆ ಆಯ್ಕೆ ಸುಲಭ.

ತೊಡಕಿನ ಬೇರು ಹೆಸರಿನಲ್ಲಿದೆ

ವೇಲ್ಸಿನಲ್ಲಿ ಬಹುಕಾಲ ಮನೆತನದ ಹೆಸರೆಂಬುದೇ ಇರಲಿಲ್ಲ. ಹುಟ್ಟಿದ ಮಗುವಿನ ಹೆಸರಿನ ಮುಂದೆ ತಂದೆಯ ಹೆಸರು ಬರುತ್ತಿತ್ತು. ನಮ್ಮಲ್ಲಿ ಇನಿಷಿಯಲ್ ಪ್ರತಿ ತಲೆಮಾರಿಗೂ ಬದಲಾಗುವ ಹಾಗೆ. ಡೇವಿಡ್ ಥಾಮಸನ ಮಗ ಜಾನ್ ಡೇವಿಡ್, ಅವನ ಮಗ ಇವಾನ್ ಜಾನ್. ಶ್ರೀಮಂತರು 16ನೆಯ ಶತಮಾನದಲ್ಲೇ ಸ್ಥಿರವಾದ ಹೆಸರುಗಳಿಗೆ ಹೊರಳಿದರು. ಹಳ್ಳಿಗಾಡಿನಲ್ಲಿ, ಮುಖ್ಯವಾಗಿ ವಾಯವ್ಯ ವೇಲ್ಸಿನಲ್ಲಿ, ಹಳೆಯ ಪದ್ಧತಿ 19ನೆಯ ಶತಮಾನದವರೆಗೂ ಉಳಿಯಿತು. ‘ಆಪ್’ ಅಥವಾ ‘ಆಬ್’ ಎಂದರೆ ಇಂಥವರ ಮಗ; ‘ಆಪ್ ರಿಸ್’ ಪ್ರೈಸ್ ಆಯಿತು, ‘ಆಪ್ ಹೋವೆಲ್’ ಪೊವೆಲ್ ಆಯಿತು, ‘ಆಬ್ ಓವೆನ್’ ಬೋವೆನ್ ಆಯಿತು. ಹೆಚ್ಚಿನವರು ಮಾತ್ರ ಜೋನ್ಸ್, ಡೇವಿಸ್, ವಿಲಿಯಮ್ಸ್, ಎವಾನ್ಸ್, ಥಾಮಸ್ ಎಂಬ ನಾಲ್ಕೈದು ಹೆಸರುಗಳಲ್ಲಿ ಸೇರಿಹೋದರು. ಹೀಗಾಗಿ ಅಣ್ಣ ತಮ್ಮಂದಿರಿಬ್ಬರು ಬೇರೆ ಬೇರೆ ಮನೆತನದ ಹೆಸರು ಹೊತ್ತಿರಬಹುದು. ಒಂದೇ ಹೆಸರಿನ ನೆರೆಮನೆಯವರಿಗೆ ಯಾವ ರಕ್ತಸಂಬಂಧವೂ ಇಲ್ಲದಿರಬಹುದು. ಹಳ್ಳಿಯ ಜನ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದುದು ಹೊಲಮನೆಯ ಹೆಸರಿನಿಂದ ಅಥವಾ ಕಸುಬಿನಿಂದ. ಆ ಹೊಲಮನೆಯ ಹೆಸರು ಎಲ್ಲಿ ಸಿಕ್ಕರೂ ಮೊದಲು ಬರೆದಿಟ್ಟುಕೊಳ್ಳಿ.

ಅಳೆಯುವ ಮುನ್ನ ನಾಲ್ಕು ಪ್ರಶ್ನೆ

ಮೊದಲನೆಯದು, ಉಳಿದೆಲ್ಲಕ್ಕಿಂತ ಭಾರವಾದದ್ದು: ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವ ಮಾಹಿತಿ ಈ ದಾಖಲೆಯಲ್ಲಿದೆಯೇ? ತಾಯಿಯ ತವರಿನ ಹೆಸರು, ತಂದೆಯ ಕಸುಬು, ಹೊಲಮನೆ ಇವುಗಳಲ್ಲಿ ಒಂದಾದರೂ ಇರಬೇಕು. ಎರಡನೆಯದು, ಮಾಹಿತಿ ಕೊಟ್ಟವರು ಯಾರು, ಘಟನೆ ನಡೆದ ಎಷ್ಟು ದಿನದ ಮೇಲೆ? ಮಗು ಹುಟ್ಟಿದ ವಾರದಲ್ಲಿ ತಾಯಿ ಹೇಳಿದ್ದಕ್ಕೂ, ಎಪ್ಪತ್ತು ವರ್ಷದ ಬಳಿಕ ಅಳಿಯ ಹೇಳಿದ್ದಕ್ಕೂ ಒಂದೇ ತೂಕ ಸಲ್ಲದು. ಮೂರನೆಯದು, ನಿಮ್ಮ ಕುಟುಂಬ ಆ ದಾಖಲೆಯೊಳಗೆ ಬರುವಂಥದ್ದೇ? ವೇಲ್ಸಿನಲ್ಲಿ ಇದು ದೊಡ್ಡ ಪ್ರಶ್ನೆ, ಏಕೆಂದರೆ ಬಹುಪಾಲು ಜನ ಅಧಿಕೃತ ಆಂಗ್ಲಿಕನ್ ಚರ್ಚನ್ನು ಬಿಟ್ಟು, ಬೇರೆ ಪ್ರಾಟೆಸ್ಟಂಟ್ ಪಂಥಗಳ ಪ್ರಾರ್ಥನಾಮಂದಿರಗಳಾದ ಚಾಪೆಲ್‌ಗಳಿಗೆ ಹೋಗುತ್ತಿದ್ದರು. ಕೊನೆಯದು ಖರ್ಚು ಮತ್ತು ದೂರ: ಮನೆಯಲ್ಲೇ ಕುಳಿತು ಉಚಿತವಾಗಿ ನೋಡಬಹುದೇ, ಇಲ್ಲ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯವಿರುವ ಅಬರಿಸ್ಟ್ವಿತ್‌ವರೆಗೆ ಹೋಗಬೇಕೇ?

ಸರ್ಕಾರಿ ನೋಂದಣಿ: ಕಡಿಮೆ ಖರ್ಚಿಗೆ ಹೆಚ್ಚು ಫಲ

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1837ರ ಜುಲೈ 1ರಂದು ಆರಂಭವಾಯಿತು. ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ. ಜನನ ದಾಖಲೆಯಲ್ಲಿ ತಾಯಿಯ ತವರಿನ ಹೆಸರು, ಮದುವೆ ದಾಖಲೆಯಲ್ಲಿ ಇಬ್ಬರ ತಂದೆಯರ ಹೆಸರು ಮತ್ತು ಕಸುಬು ಇರುತ್ತವೆ. ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಕೊಡುವ ದಾಖಲೆ ಮತ್ತೊಂದಿಲ್ಲ.

ಕೇಂದ್ರ ನೋಂದಣಿ ಕಚೇರಿಯ (ಜನರಲ್ ರಿಜಿಸ್ಟರ್ ಆಫೀಸ್) ಜಾಲತಾಣದಲ್ಲಿ ಖಾತೆ ತೆರೆದರೆ ಜನನ ಸೂಚಿಯನ್ನು ಉಚಿತವಾಗಿ ನೋಡಬಹುದು. ಈ ಸೂಚಿಯಲ್ಲಿ 1837ರಿಂದಲೇ ತಾಯಿಯ ತವರಿನ ಹೆಸರನ್ನು ಸೇರಿಸಿದ್ದಾರೆ. ಸ್ವಯಂಸೇವಕರು ನಡೆಸುವ ಫ್ರೀಬಿಎಂಡಿ ತಾಣದ ಸೂಚಿಯಲ್ಲಿ ಅದು ಕಾಣಿಸುವುದು 1911ರ ನಂತರ ಮಾತ್ರ. ಹೀಗಾಗಿ ಫ್ರೀಬಿಎಂಡಿಯಲ್ಲಿ ಹೆಸರು ಹುಡುಕಿ, ಕೇಂದ್ರ ಕಚೇರಿಯ ಸೂಚಿಯಲ್ಲಿ ತಾಯಿಯ ಹೆಸರನ್ನು ಹೊಂದಿಸಿ, ಆಮೇಲೆ ದುಡ್ಡು ಬಿಚ್ಚಿ. ಕಾಗದದ ಪ್ರಮಾಣಪತ್ರಕ್ಕೆ ಹೋಲಿಸಿದರೆ ಹಳೆಯ ಜನನ ದಾಖಲೆಯ ಡಿಜಿಟಲ್ ಚಿತ್ರ ಬಹಳ ಅಗ್ಗ, ಹುಡುಕಾಟಕ್ಕೆ ಅದೇ ಸಾಕು. ಮದುವೆ ದಾಖಲೆಗೆ ಮಾತ್ರ ಈ ಅಗ್ಗದ ದಾರಿ ಇಲ್ಲ. ಪೂರ್ತಿ ಬೆಲೆಯ ಪ್ರಮಾಣಪತ್ರವನ್ನೇ ತರಿಸಬೇಕು. ಉತ್ತರ ವೇಲ್ಸಿನ ಸ್ಥಳೀಯ ನೋಂದಣಿ ಕಚೇರಿಗಳ ಸೂಚಿಗಳು ‘ನಾರ್ತ್ ವೇಲ್ಸ್ ಬಿಎಂಡಿ’ ತಾಣದಲ್ಲಿ ಉಚಿತವಾಗಿವೆ. ಅಲ್ಲಿ ಮದುವೆ ಯಾವ ಚರ್ಚಿನಲ್ಲಿ, ಯಾವ ಚಾಪೆಲ್‌ನಲ್ಲಿ ನಡೆಯಿತೆಂಬುದೂ ಸಿಗುವುದರಿಂದ ತಪ್ಪು ಪ್ರಮಾಣಪತ್ರ ತರಿಸುವ ಅಪಾಯ ತಗ್ಗುತ್ತದೆ.

ಇದರ ಕುಂದುಗಳನ್ನೂ ಹೇಳಬೇಕು. 1875ಕ್ಕೆ ಮೊದಲು ನೋಂದಣಿ ಮಾಡಿಸದಿದ್ದರೆ ದಂಡದ ಭಯ ಅಷ್ಟಾಗಿ ಇರಲಿಲ್ಲ, ಕೆಲವು ಮಕ್ಕಳ ಹೆಸರು ಬಿಟ್ಟುಹೋಗಿದೆ. 42 ದಿನಗಳ ಗಡುವು ಮೀರಿದಾಗ ಹುಟ್ಟಿದ ದಿನವನ್ನೇ ಮುಂದಕ್ಕೆ ಹಾಕಿ ಬರೆಸಿದವರಿದ್ದಾರೆ. ಮದುವೆ ಪುಸ್ತಕದಲ್ಲಿ ವಯಸ್ಸಿನ ಜಾಗದಲ್ಲಿ ‘ಪ್ರಾಪ್ತವಯಸ್ಕ’ ಎಂದಷ್ಟೇ ಇದ್ದರೆ 21 ದಾಟಿತ್ತು ಎಂದು ಮಾತ್ರ ತಿಳಿಯಬೇಕು. ತಂದೆ ಯಾರೆಂದು ಹೇಳಲಾಗದ ಮಗ ಮದುವೆಯ ದಿನ ತಂದೆಗೊಂದು ಹೆಸರು ಕಲ್ಪಿಸಿ ಬರೆಸಿರುವುದುಂಟು. ಜೋನ್ಸ್ ಮನೆಯ ಹುಡುಗಿ ಇನ್ನೊಂದು ಜೋನ್ಸ್ ಮನೆ ಸೇರಿದ್ದರೆ ತವರಿನ ಹೆಸರೂ ನೆರವಿಗೆ ಬರುವುದಿಲ್ಲ. ಆಗ ಎಲ್ಲ ಒಡಹುಟ್ಟಿದವರ ಜನನ ದಾಖಲೆಗಳನ್ನು ಜೊತೆಗಿಟ್ಟು ನೋಡುವುದೊಂದೇ ದಾರಿ.

ಜನಗಣತಿ: ದಾರಿ ತೋರುತ್ತದೆ, ಸಾಕ್ಷಿ ಹೇಳುವುದಿಲ್ಲ

ಹೆಚ್ಚಿನವರು ಹಿಡಿದುಕೊಳ್ಳುವುದು ಜನಗಣತಿಯನ್ನೇ. ಇಡೀ ಮನೆ ಒಂದೇ ಪುಟದಲ್ಲಿ ಸಿಗುವ ಆಕರ್ಷಣೆ ಸಣ್ಣದಲ್ಲ. 1841ರಿಂದ 1921ರವರೆಗೆ ಹತ್ತು ವರ್ಷಕ್ಕೊಮ್ಮೆ ನಡೆದ ಗಣತಿಗಳು ಇಂದು ನೋಡಲು ಸಿಗುತ್ತವೆ. 1931ರದ್ದು 1942ರಲ್ಲಿ ಬೆಂಕಿಗೆ ಆಹುತಿಯಾಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಆ ಕಾಲಕ್ಕೆ 1939ರಲ್ಲಿ ತಯಾರಿಸಿದ ರಾಷ್ಟ್ರೀಯ ನೋಂದಣಿ ಪುಸ್ತಕವನ್ನು ನೋಡಬೇಕು.

1901ರವರೆಗೆ ನಮ್ಮ ಕಣ್ಣಿಗೆ ಬೀಳುವುದು ಮನೆಯವರು ಬರೆದ ಹಾಳೆಯಲ್ಲ. ಗಣತಿದಾರ ಆ ಹಾಳೆಗಳಿಂದ ತನ್ನ ಪುಸ್ತಕಕ್ಕೆ ಎತ್ತಿ ಬರೆದ ಪ್ರತಿ. ವೆಲ್ಷ್ ಮಾತ್ರ ಬಲ್ಲ ಅಜ್ಜಿಯೊಬ್ಬಳು ಊರಿನ ಹೆಸರು ಹೇಳಿ, ಅದನ್ನು ಯಾರೋ ಇಂಗ್ಲಿಷಿನಲ್ಲಿ ಕೇಳಿದಂತೆ ಬರೆದು, ಮತ್ತೊಬ್ಬರು ನಕಲು ಮಾಡಿ, ಇಂದು ಇನ್ಯಾರೋ ಓದಿ ಕಂಪ್ಯೂಟರಿಗೆ ಸೇರಿಸಿದ್ದಾರೆ. ಇಷ್ಟು ಕೈ ದಾಟಿದ ಊರಿನ ಹೆಸರು ನೆಟ್ಟಗಿರಲು ಹೇಗೆ ಸಾಧ್ಯ? 1841ರ ಗಣತಿ ಇನ್ನೂ ದುರ್ಬಲ: 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದರು, ಯಾರಿಗೆ ಯಾರು ಏನಾಗಬೇಕೆಂದು ಹೇಳಲಿಲ್ಲ, ಹುಟ್ಟೂರಿನ ಬದಲು ಅದೇ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಹುಟ್ಟಿದವರೋ ಅಲ್ಲವೋ ಎಂದಷ್ಟೇ ದಾಖಲಿಸಿದರು. ನಂತರದ ಗಣತಿಗಳಲ್ಲಿಯೂ ಹತ್ತು ವರ್ಷದಲ್ಲಿ ಏಳೇ ವರ್ಷ ಮುಪ್ಪಾದ ಹೆಂಗಸರು ಸಿಗುತ್ತಾರೆ. ಒಂದು ಗಣತಿಯಲ್ಲಿ ಹುಟ್ಟಿದ ಹಳ್ಳಿ, ಮುಂದಿನದರಲ್ಲಿ ಪಕ್ಕದ ಪೇಟೆ. ‘ಅಳಿಯ’ ಎಂದು ಬರೆದದ್ದು ಕೆಲವೊಮ್ಮೆ ಮಲಮಗನನ್ನು ಸೂಚಿಸುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 1881ರಲ್ಲಿ ದಕ್ಷಿಣ ವೇಲ್ಸಿನ ರೊಂದಾ ಕಣಿವೆಯ ಕಲ್ಲಿದ್ದಲು ಕಾರ್ಮಿಕ ಜಾನ್ ಜೋನ್ಸ್, ವಯಸ್ಸು 35, ಹುಟ್ಟೂರು ಪಶ್ಚಿಮ ವೇಲ್ಸಿನ ಕಾರ್ಡಿಗನ್‌ಶೈರಿನ ಲ್ಲಾನ್‌ವಿಹಾಂಗೆಲ್. 1851ರಲ್ಲಿ ಸಾವಿರಕ್ಕೂ ಕಡಿಮೆ ಜನರಿದ್ದ ರೊಂದಾದಲ್ಲಿ 1911ರ ಹೊತ್ತಿಗೆ ಒಂದೂವರೆ ಲಕ್ಷ ದಾಟಿತ್ತು. ಪಶ್ಚಿಮದ ಹಳ್ಳಿಗಳಿಂದ ಬಂದವರು ಅವರಲ್ಲಿ ಬಹಳ. ಕಾರ್ಡಿಗನ್‌ಶೈರ್ ಒಂದರಲ್ಲೇ ಲ್ಲಾನ್‌ವಿಹಾಂಗೆಲ್ ಅ ಕ್ರೆಯ್ದಿನ್, ಲ್ಲಾನ್‌ವಿಹಾಂಗೆಲ್ ಗೆನಾಯ್‌ರ್ ಗ್ಲಿನ್, ಲ್ಲಾನ್‌ವಿಹಾಂಗೆಲ್ ಅಸ್ಟ್ರಾಡ್ ಎಂಬ ಬೇರೆ ಬೇರೆ ಪ್ಯಾರಿಷ್‌ಗಳಿವೆ (ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಪ್ರದೇಶ). ಒಂದೊಂದರಲ್ಲೂ ಆ ವಯಸ್ಸಿನ ಜಾನ್ ಜೋನ್ಸ್ ಸಿಕ್ಕರೆ ಆಶ್ಚರ್ಯವಿಲ್ಲ. ಗಣತಿಯ ಈ ಒಂದು ಸಾಲಿನಿಂದ ನೇರವಾಗಿ ಪ್ಯಾರಿಷ್ ಪುಸ್ತಕಕ್ಕೆ ಜಿಗಿದರೆ ತಪ್ಪು ಮನೆಗೆ ಹೋಗುವುದು ಬಹುತೇಕ ಖಚಿತ. ಬದಲಿಗೆ ಇದೇ ಮನೆಯನ್ನು 1871, 1891, 1901ರಲ್ಲಿಯೂ ಹಿಡಿದು, ಮಕ್ಕಳ ಜನನ ಸೂಚಿಯಿಂದ ತಾಯಿಯ ತವರಿನ ಹೆಸರು ತಿಳಿದು, ಮದುವೆ ಪ್ರಮಾಣಪತ್ರ ತರಿಸಿದರೆ ಜಾನನ ತಂದೆಯ ಹೆಸರು, ಕಸುಬು ಕೈಗೆ ಬರುತ್ತವೆ. ಆಗ 1851ರ ಗಣತಿಯಲ್ಲಿ ಐದಾರು ವರ್ಷದ ಹುಡುಗನನ್ನು ತಂದೆಯ ಜೊತೆಯಲ್ಲೇ ಹುಡುಕಬಹುದು.

ಗಣತಿಗಳಲ್ಲಿ ಎರಡು ವೇಲ್ಸ್ ಹುಡುಕಾಟಕ್ಕೆ ಚಿನ್ನದಂಥವು. 1891ರಿಂದ ವೇಲ್ಸಿನಲ್ಲಿ ಭಾಷೆಯನ್ನೂ ಕೇಳಿದರು: ವೆಲ್ಷ್, ಇಂಗ್ಲಿಷ್, ಇಲ್ಲವೇ ಎರಡೂ. ಇಂಗ್ಲಿಷ್ ಮಾತ್ರ ಬಲ್ಲ ಜಾನನನ್ನು ನಿಮ್ಮ ಪಟ್ಟಿಯಿಂದ ತೆಗೆಯಲು ಇದು ಸಾಕಾಗಬಹುದು. 1911ರಲ್ಲಿ ಮನೆಯವರು ಸ್ವತಃ ತುಂಬಿದ ಹಾಳೆಗಳೇ ಉಳಿದಿವೆ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬುದೂ ಅಲ್ಲಿದೆ. ಗಣತಿಗಳ ನಡುವೆ ಹುಟ್ಟಿ ಸತ್ತುಹೋದ ಕೂಸುಗಳ ಸುಳಿವು ಸಿಗುವುದು ಹೀಗೆ.

ಪ್ಯಾರಿಷ್ ಪುಸ್ತಕಗಳು: ಮದುವೆಗೆ ಗಟ್ಟಿ, ಮಕ್ಕಳಿಗೆ ಸಡಿಲ

1837ರ ಹಿಂದೆ ಹೋಗಬೇಕಾದವರಿಗೆ ಪ್ಯಾರಿಷ್ ಪುಸ್ತಕ ಬೇಕೇ ಬೇಕು. ಪ್ರತಿ ಪ್ಯಾರಿಷ್ ಇಂಥ ಪುಸ್ತಕ ಇಡಬೇಕೆಂದು 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ್ದರೂ ವೇಲ್ಸಿನ ಬಹಳಷ್ಟು ಪ್ಯಾರಿಷ್‌ಗಳ ಪುಸ್ತಕಗಳು ಅದಕ್ಕಿಂತ ಎಷ್ಟೋ ತಡವಾಗಿ ಶುರುವಾಗುತ್ತವೆ, ನಡುವೆ ಪುಟಗಳೇ ಇರುವುದಿಲ್ಲ. ಆ ಖಾಲಿಗಳನ್ನು ತುಂಬಲು ಬಿಷಪ್ಪರಿಗೆ ವರ್ಷವರ್ಷ ಕಳಿಸುತ್ತಿದ್ದ ಪ್ರತಿಗಳಿವೆ. ಅಬರಿಸ್ಟ್ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅವುಗಳ ದೊಡ್ಡ ಸಂಗ್ರಹವಿದೆ. ಮೂಲ ಮತ್ತು ಪ್ರತಿ ಎರಡೂ ಉಳಿದಿದ್ದರೆ ಎರಡನ್ನೂ ನೋಡಿ, ವ್ಯತ್ಯಾಸಗಳಿರುತ್ತವೆ.

ಇಲ್ಲಿ ಕಾಲಘಟ್ಟ ಮುಖ್ಯ. 1754ರಿಂದ ಮದುವೆ ದಾಖಲೆಗೆ ವಧೂವರರ ಮತ್ತು ಸಾಕ್ಷಿಗಳ ಸಹಿ ಅಥವಾ ಗುರುತು ಬೇಕಾಯಿತು. 1754ರಿಂದ 1837ರವರೆಗೆ ಕ್ವೇಕರ್ ಪಂಥದವರನ್ನು ಮತ್ತು ಯೆಹೂದಿಗಳನ್ನು ಬಿಟ್ಟು ಎಲ್ಲರೂ ಅಧಿಕೃತ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಆದ್ದರಿಂದ ಕಟ್ಟಾ ಚಾಪೆಲ್ ಕುಟುಂಬದ ಮದುವೆಯೂ ಪ್ಯಾರಿಷ್ ಪುಸ್ತಕದಲ್ಲಿ ಸಿಗುತ್ತದೆ, ಮಕ್ಕಳ ದೀಕ್ಷಾಸ್ನಾನ ಸಿಗದೆ ಹೋಗಬಹುದು. 1813ರಿಂದ ಅಚ್ಚಾದ ನಮೂನೆ ಬಂದು ದೀಕ್ಷಾಸ್ನಾನದಲ್ಲಿ ತಂದೆಯ ಕಸುಬು, ವಾಸದ ಜಾಗ, ಸಮಾಧಿ ದಾಖಲೆಯಲ್ಲಿ ವಯಸ್ಸು ಸೇರಿದವು. ಅದಕ್ಕಿಂತ ಹಿಂದೆ ‘ಡೇವಿಡ್ ಥಾಮಸನ ಮಗ ಜಾನ್’ ಎಂಬಷ್ಟೇ ಸಾಲು; ಆ ಹುಡುಗ ಮುಂದೆ ಜಾನ್ ಥಾಮಸ್ ಆದನೋ ಜಾನ್ ಡೇವಿಸ್ ಆದನೋ ಪುಸ್ತಕ ಹೇಳುವುದಿಲ್ಲ. ಎರಡೂ ಹೆಸರಿನಲ್ಲಿ ಹುಡುಕಬೇಕು. ಮನೆಯಲ್ಲಿ ಲೌರಿ ಎಂದು ಕರೆಸಿಕೊಂಡವಳು ಪಾದ್ರಿಯ ಲೇಖನಿಯಲ್ಲಿ ಲಾರಾ, ಷಾನ್ ಎಂಬವಳು ಜೇನ್. 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದುದರಿಂದ, ಫೆಬ್ರವರಿ 1740 ಎಂದು ಬರೆದದ್ದು ನಮ್ಮ ಲೆಕ್ಕದ 1741.

ಚಾಪೆಲ್ ದಾಖಲೆಗಳು

1851ರ ಧಾರ್ಮಿಕ ಗಣತಿಯ ಪ್ರಕಾರ ವೇಲ್ಸಿನಲ್ಲಿ ಆರಾಧನೆಗೆ ಹೋದ ಐವರಲ್ಲಿ ಸುಮಾರು ನಾಲ್ವರು ಚಾಪೆಲ್‌ಗಳಿಗೆ ಹೋಗಿದ್ದರು. ಆದರೂ ಹೊಸಬರು ಕೊನೆಗೆ ನೋಡುವುದು ಈ ದಾಖಲೆಗಳನ್ನೇ. ಕ್ಯಾಲ್ವಿನಿಸ್ಟ್ ಮೆಥಡಿಸ್ಟರು, ಇಂಡಿಪೆಂಡೆಂಟರು, ಬ್ಯಾಪ್ಟಿಸ್ಟರು, ವೆಸ್ಲಿಯನ್ನರು ತಂತಮ್ಮ ಪುಸ್ತಕಗಳನ್ನು ಇಟ್ಟುಕೊಂಡಿದ್ದರು. 1837ರ ನಂತರ ಸರ್ಕಾರಕ್ಕೆ ಒಪ್ಪಿಸಿದವು ಲಂಡನ್ನಿನ ಕ್ಯೂ ಬಳಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಸುರಕ್ಷಿತವಾಗಿದ್ದು, ಚಂದಾ ತಾಣಗಳಲ್ಲಿ ಸಿಗುತ್ತವೆ. ಒಪ್ಪಿಸದೆ ಉಳಿದವು ಪಾದ್ರಿಗಳ ಜೊತೆ ಊರೂರು ಅಲೆದು ಎಷ್ಟೋ ನಾಶವಾದವು. ಉಳಿದವು ರಾಷ್ಟ್ರೀಯ ಗ್ರಂಥಾಲಯದಲ್ಲೋ ಕೌಂಟಿ ಪತ್ರಾಗಾರದಲ್ಲೋ ಇವೆ. ಬ್ಯಾಪ್ಟಿಸ್ಟರು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ಆ ಮನೆಗಳಲ್ಲಿ ಹುಟ್ಟಿನ ದಾಖಲೆ ಹುಡುಕಿ ದಣಿಯಬೇಡಿ. ಚಾಪೆಲ್‌ಗಳ ಅಚ್ಚಾದ ವಾರ್ಷಿಕ ವರದಿಗಳಲ್ಲಿ ವಂತಿಗೆ ಕೊಟ್ಟವರ ಹೆಸರಿನ ಜೊತೆ ಮನೆಯ ಹೆಸರೂ ಇರುವುದುಂಟು. ಅದೊಂದು ಸಾಲು ಹತ್ತು ಗಣತಿ ಪುಟಗಳಿಗೆ ಸಮ. ದೂರದಲ್ಲಿರುವವರಿಗೆ ಇವು ಎಟುಕುವುದು ಕಷ್ಟ, ಹೆಚ್ಚಿನವು ವೆಲ್ಷ್ ಭಾಷೆಯಲ್ಲಿವೆ. ಹಾಗಿದ್ದರೂ ಅಬರಿಸ್ಟ್ವಿತ್‌ಗೆ ಹೋಗುವ ಅವಕಾಶ ಒಮ್ಮೆ ಸಿಕ್ಕರೆ, ಆ ದಿನವನ್ನು ಇವಕ್ಕೇ ಕೊಡಿ ಎನ್ನುತ್ತೇನೆ.

ಉಚಿತವಾಗಿ ಸಿಗುವ ಮೂರು ನಿಧಿ

ರಾಷ್ಟ್ರೀಯ ಗ್ರಂಥಾಲಯ ತನ್ನ ತಾಣದಲ್ಲಿ 1858ಕ್ಕೆ ಮುಂಚಿನ 1,90,000ಕ್ಕೂ ಹೆಚ್ಚು ಉಯಿಲುಗಳನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಉಯಿಲು ಬರೆದವರು ಆಸ್ತಿಯಿದ್ದ ಕೆಲವರೇ ಆದರೂ, ಒಬ್ಬ ರೈತ ತನ್ನ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆದಿರುವ ಉಯಿಲು ಸಿಕ್ಕರೆ ಮೂರು ತಲೆಮಾರು ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಅದೇ ಗ್ರಂಥಾಲಯದ ಹಳೆಯ ಪತ್ರಿಕೆಗಳ ತಾಣದಲ್ಲಿ 1919ರವರೆಗಿನ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳಿವೆ. ಗಣಿ ಅಪಘಾತ, ಮರಣವಾರ್ತೆ, ಚಾಪೆಲ್ ಸಭೆಗಳ ಸುದ್ದಿ ಎಲ್ಲವೂ ಅಲ್ಲಿದೆ. ವ್ಯಕ್ತಿಯ ಹೆಸರಿಗಿಂತ ಹೊಲಮನೆಯ ಹೆಸರು ಕೊಟ್ಟು ಹುಡುಕಿದರೆ ಬೇಗ ಸಿಗುತ್ತದೆ. ಮೂರನೆಯದು 1840ರ ದಶಕದ ಆಸುಪಾಸಿನ ಟೈಥ್ (ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ತೆರಿಗೆ) ನಕ್ಷೆಗಳು. ಯಾವ ಹೊಲ ಯಾರದು, ಸಾಗುವಳಿ ಯಾರದು ಎಂದು ಅವು ತೋರಿಸುತ್ತವೆ. 1841ರ ದುರ್ಬಲ ಗಣತಿಗೆ ಇದೇ ಒಳ್ಳೆಯ ಊರುಗೋಲು.

ಚಂದಾ, ಡಿಎನ್‌ಎ, ಸಂಶೋಧಕರು

ಫ್ಯಾಮಿಲಿಸರ್ಚ್ ತಾಣ ಉಚಿತ, ವೇಲ್ಸಿನ ಸೂಚಿಗಳು ಧಾರಾಳವಾಗಿವೆ. ಅಲ್ಲಿ ಬೇರೆಯವರು ಕಟ್ಟಿಟ್ಟ ವಂಶವೃಕ್ಷಗಳನ್ನು ಮಾತ್ರ ಸುಳಿವೆಂದಷ್ಟೇ ನೋಡಿ. ದುಡ್ಡು ಕೊಡುವುದಾದರೆ ಪ್ಯಾರಿಷ್ ಪುಸ್ತಕಗಳಿಗಾಗಿ ಫೈಂಡ್‌ಮೈಪಾಸ್ಟ್ ಮೇಲೆಂದು ನನ್ನ ಅಭಿಪ್ರಾಯ. ವೇಲ್ಸ್ ಪತ್ರಾಗಾರಗಳ ಪುಸ್ತಕಗಳ ಚಿತ್ರಗಳು ಅಲ್ಲಿವೆ. ಅಮೆರಿಕ, ಕೆನಡಾಗಳಿಗೆ ವಲಸೆ ಹೋದ ಕವಲುಗಳನ್ನು ಹುಡುಕುವವರಿಗೆ, ಡಿಎನ್‌ಎ ಬೇಕಾದವರಿಗೆ ಆನ್ಸೆಸ್ಟ್ರಿ ಅನುಕೂಲ. ವರ್ಷದ ಚಂದಾ ಕಟ್ಟುವ ಬದಲು ಉಚಿತ ಮೂಲಗಳಲ್ಲಿ ಮೊದಲು ಕೆಲಸ ಮುಗಿಸಿ, ನೋಡಬೇಕಾದ ಪುಟಗಳ ಪಟ್ಟಿ ಮಾಡಿಕೊಂಡು, ಒಂದು ತಿಂಗಳಿಗೆ ಕಟ್ಟಿ. ತಾನೇ ನವೀಕರಣವಾಗದಂತೆ ಅದೇ ದಿನ ರದ್ದುಮಾಡಿ. ಬ್ರಿಟನ್ನಿನಲ್ಲಿರುವವರು ಅದಕ್ಕೂ ಮೊದಲು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸಲಿ, ಅನೇಕ ಕಡೆ ಈ ತಾಣಗಳನ್ನು ಉಚಿತವಾಗಿ ಬಳಸಬಹುದು.

ಡಿಎನ್‌ಎ ಹುಡುಕಾಟದ ಆರಂಭವಾಗಬಾರದು. ಕಾಗದದ ದಾರಿ ಇಬ್ಬರು ಅಭ್ಯರ್ಥಿಗಳ ಬಳಿ ಬಂದು ನಿಂತಾಗ, ಅವರಲ್ಲಿ ಒಬ್ಬರ ಇಂದಿನ ವಂಶಸ್ಥರೊಂದಿಗೆ ನಿಮ್ಮದು ಹೊಂದುತ್ತದೆಯೇ ಎಂದು ನೋಡಲು ಅದಕ್ಕೆ ಬೆಲೆ. ಐದಾರು ತಲೆಮಾರಿನಾಚೆ ಅದರ ಮಾತು ಮಸುಕಾಗುತ್ತದೆ. ವೇಲ್ಸಿನಲ್ಲಿ ಗಂಡು ಸಂತಾನದ ರೇಖೆಯನ್ನು ಮಾತ್ರ ನೋಡುವ ಪರೀಕ್ಷೆಯಿಂದ ಲಾಭ ಕಡಿಮೆ, ಏಕೆಂದರೆ ಮನೆತನದ ಹೆಸರು ಆ ರೇಖೆಯೊಂದಿಗೆ ಹರಿದುಬಂದಿಲ್ಲ.

ಸಂಶೋಧಕರಿಗೆ ದುಡ್ಡು ಕೊಡುವುದಾದರೆ ‘ನಮ್ಮ ವಂಶ ಹುಡುಕಿಕೊಡಿ’ ಎನ್ನಬೇಡಿ. ‘ಇಂಥ ಪ್ಯಾರಿಷ್‌ನ ಬಿಷಪ್ ಪ್ರತಿಗಳಲ್ಲಿ 1800ರಿಂದ 1812ರವರೆಗೆ ಈ ದಂಪತಿಗಳ ಮಕ್ಕಳನ್ನು ನೋಡಿ’ ಎಂದು ಕೆಲಸ ಮತ್ತು ಗಂಟೆಗಳ ಮಿತಿ ಹಾಕಿಕೊಡಿ. ಡಿವೆಡ್, ಗ್ವಿನೆಡ್, ಗ್ಲಾಮಾರ್ಗನ್, ಕ್ಲೂಯಿಡ್ ಮೊದಲಾದೆಡೆ ಇರುವ ಕುಟುಂಬ ಇತಿಹಾಸ ಸಂಘಗಳು ಸಮಾಧಿಶಿಲೆಗಳ ಬರಹಗಳನ್ನು ಸಂಗ್ರಹಿಸಿವೆ. ಅವುಗಳ ಸದಸ್ಯತ್ವ ಸಂಶೋಧಕರಿಗಿಂತ ಎಷ್ಟೋ ಅಗ್ಗ.

ಯಾರಿಗೆ ಯಾವುದು

ಬಿಡಿಗಾಸೂ ಖರ್ಚು ಮಾಡಲಾಗದವರು: ಫ್ರೀಬಿಎಂಡಿ, ಕೇಂದ್ರ ಕಚೇರಿಯ ಸೂಚಿ, ಫ್ಯಾಮಿಲಿಸರ್ಚ್‌ನಲ್ಲಿರುವ 1881ರ ಗಣತಿ, ರಾಷ್ಟ್ರೀಯ ಗ್ರಂಥಾಲಯದ ತಾಣಗಳು. ತಾಳ್ಮೆಯಿದ್ದರೆ 1840ರ ದಶಕದವರೆಗೆ ಇಷ್ಟರಿಂದಲೇ ಹೋಗಬಹುದು. ಸ್ವಲ್ಪ ಹಣವಿರುವವರು ಅದನ್ನು ಮೊದಲು ಒಂದು ಮದುವೆ ಪ್ರಮಾಣಪತ್ರಕ್ಕೆ, ಎರಡು ಮೂರು ಜನನ ಚಿತ್ರಗಳಿಗೆ ಹಾಕಲಿ; ಚಂದಾ ಆಮೇಲೆ. 1837ರ ಹಿಂದಿನ ಹಳ್ಳಿಯ ಕುಟುಂಬವಾದರೆ ಒಂದು ತಿಂಗಳ ಚಂದಾ, ಉಯಿಲು, ಟೈಥ್ ನಕ್ಷೆ ಈ ಮೂರೂ ಒಟ್ಟಿಗೆ ಬೇಕು.

ಬೆಂಗಳೂರಿನ ಕುಟುಂಬಗಳ ದಾರಿ ಬೇರೆ. ಮದ್ರಾಸ್ ಪ್ರಾಂತ್ಯದ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ, ಬಹಳಷ್ಟು ಫೈಂಡ್‌ಮೈಪಾಸ್ಟ್‌ನಲ್ಲಿ ಸಿಗುತ್ತವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘವಾದ ಫಿಬಿಸ್‌ನ ಸೂಚಿ ಉಚಿತ. ಆದರೆ ಬೆಂಗಳೂರಿನ ಮದುವೆ ಪುಸ್ತಕ ವರನ ಹುಟ್ಟೂರನ್ನು ಹೇಳುವ ಭರವಸೆಯಿಲ್ಲ. ಅವನು ಸೈನಿಕನಾಗಿದ್ದರೆ ಸೇನೆಯ ಬಿಡುಗಡೆ ಪತ್ರದಲ್ಲಿ ಹುಟ್ಟಿದ ಪ್ಯಾರಿಷ್ ಇರುವ ಸಾಧ್ಯತೆ ಹೆಚ್ಚು. ಆ ಪ್ಯಾರಿಷ್ ಕೈಗೆ ಬರುವವರೆಗೆ ವೇಲ್ಸಿನ ಯಾವ ದಾಖಲೆಗೂ ಖರ್ಚು ಮಾಡಬೇಡಿ.

ಎಲ್ಲ ಮಾಡಿದ ಮೇಲೂ ಇಬ್ಬರು ಜಾನ್ ಜೋನ್ಸರು ಉಳಿಯಬಹುದು. ಆಗ ನಿಮ್ಮವನೆಂದು ತೋರುವವನ ಹಿಂದೆ ಹೋಗುವ ಮೊದಲು ಇನ್ನೊಬ್ಬನ ಬದುಕನ್ನು ಪೂರ್ತಿ ಹಿಂಬಾಲಿಸಿ: ಅವನು ಚಿಕ್ಕಂದಿನಲ್ಲೇ ತೀರಿಕೊಂಡನೇ, ಬೇರೆ ಊರಿನಲ್ಲಿ ಬೇರೆ ಹೆಂಡತಿಯೊಡನೆ 1881ರಲ್ಲಿ ಇದ್ದನೇ? ಅವನಿಗೆ ಬೇರೆ ಮನೆ ಸಿಕ್ಕರೆ ನಿಮ್ಮವನು ನಿಮಗೆ ಉಳಿಯುತ್ತಾನೆ. ಸಿಗದಿದ್ದರೆ ವಂಶವೃಕ್ಷದಲ್ಲಿ ಇಬ್ಬರ ಹೆಸರನ್ನೂ ಪ್ರಶ್ನೆಚಿಹ್ನೆಯೊಡನೆ ಬರೆದು, ಯಾವ ದಾಖಲೆಗಳನ್ನು ನೋಡಿದ್ದೀರಿ, ಯಾವುದನ್ನು ನೋಡಿಲ್ಲ ಎಂಬ ಟಿಪ್ಪಣಿ ಸೇರಿಸಿಡಿ. ಮುಂದೆ ಹುಡುಕುವವರು ಅಲ್ಲಿಂದಲೇ ಕೆಲಸ ಶುರು ಮಾಡಬಹುದು.